‘ಸೂಪರ್ಬ್’ ಯುದ್ಧನೌಕೆ ಮತ್ತು ತೇಗದ ಬೆಲೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಈ ಸೀಮೆಯ ಮರದ ವ್ಯಾಪಾರಿಗಳಿಗೆ ತೇಗದ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಪಶ್ಚಿಮ ಘಟ್ಟಗಳ ತೇಗವು ಒಂದು ಕಾಲದಲ್ಲಿ ನೌಕಾಬಲದ ಆಧಾರವೂ ಆಗಿತ್ತು. ಮೈಸೂರಿನ ವಿರುದ್ಧ ಸೆಣಸಿದ ಬ್ರಿಟಿಷ್ ಯುದ್ಧನೌಕೆ ‘ಸೂಪರ್ಬ್’ನ ಚರಿತ್ರೆ ಇದಕ್ಕೆ ನಿದರ್ಶನ.

ಥಾಮಸ್ ಸ್ಲೇಡ್ ಅವರ ವಿನ್ಯಾಸದ ಈ ನೌಕೆಯನ್ನು ಲಂಡನ್ ಸಮೀಪದ ಡೆಟ್‌ಫರ್ಡ್‌ನಲ್ಲಿ ಓಕ್ ಮರದಿಂದ ಕಟ್ಟಿ 1760ರಲ್ಲಿ ನೀರಿಗಿಳಿಸಲಾಯಿತು. ಉದ್ದ ಸುಮಾರು 168 ಅಡಿ, ತೋಪುಗಳು 74. ಮುಂದೆ ಅದು ಹಿಂದೂ ಮಹಾಸಾಗರದಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಧ್ವಜನೌಕೆಯಾಯಿತು. 1780ರ ಡಿಸೆಂಬರ್‌ನಲ್ಲಿ ಹ್ಯೂಸ್‌ನ ಪಡೆಯು ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಮಾಡಿತು. ಹಲವು ವರ್ಷಗಳ ಶ್ರಮ ಮತ್ತು ಬಂಡವಾಳ ಒಮ್ಮೆಗೇ ನಷ್ಟವಾದವು.

ಹೈದರನಿಗೆ ನೆರವಾಗಿ ಬಂದ ಫ್ರೆಂಚ್ ನಾಯಕ ಸಫ್ರೆನ್‌ನೊಡನೆ 1782–83ರಲ್ಲಿ ಹ್ಯೂಸ್ ಐದು ಸಮುದ್ರಯುದ್ಧಗಳನ್ನು ನಡೆಸಿದನು. ಯಾರೊಬ್ಬರಿಗೂ ನಿರ್ಣಾಯಕ ಜಯ ದೊರೆಯಲಿಲ್ಲ. ಆದರೆ ಯುದ್ಧದ ನಂತರದ ದುರಸ್ತಿಯಲ್ಲಿ ಇಬ್ಬರ ಸ್ಥಿತಿ ಸಮಾನವಾಗಿರಲಿಲ್ಲ. ಸಫ್ರೆನ್‌ಗೆ ಭಾರತದ ತೀರದಲ್ಲಿ ಒಣ ಹಡಗುಕಟ್ಟೆ ಇರಲಿಲ್ಲ. 1782ರ ಕೊನೆಯಲ್ಲಿ ಅವನು ಸುಮಾತ್ರದ ಆಚೆಗೆ ತೆರಳಬೇಕಾಯಿತು. ಹ್ಯೂಸ್ ಮಾತ್ರ ಮುಂಬಯಿಗೆ ಹೋದನು. ಅಲ್ಲಿ 1750ರಲ್ಲೇ ಒಣ ಹಡಗುಕಟ್ಟೆ ನಿರ್ಮಾಣವಾಗಿತ್ತು. 1736ರಲ್ಲಿ ಸೂರತ್ತಿನಿಂದ ಬಂದ ಲವ್ಜಿ ವಾಡಿಯಾ ಅವರ ಮನೆತನದ ಕುಶಲತೆಯಿತ್ತು. ಮಲಬಾರಿನ ತೇಗವೂ ಒದಗುತ್ತಿತ್ತು.

ಓಕ್ ಮರದ ಆಮ್ಲಾಂಶವು ಕಬ್ಬಿಣದ ಮೊಳೆಗಳನ್ನು ಕ್ಷಯಿಸುತ್ತದೆ. ತೇಗದಲ್ಲಿರುವ ಎಣ್ಣೆಯ ಅಂಶವಾದರೋ ಕಬ್ಬಿಣವನ್ನು ರಕ್ಷಿಸುತ್ತದೆ, ಮರ ಕೊಳೆಯುವುದನ್ನೂ ತಡೆಯುತ್ತದೆ. ಉಷ್ಣವಲಯದ ಸಮುದ್ರಗಳಲ್ಲಿ ಈ ವ್ಯತ್ಯಾಸ ಬಹುದೊಡ್ಡದು.

‘ಸೂಪರ್ಬ್’ 1783ರ ನವೆಂಬರ್‌ನಲ್ಲಿ ತಲಶ್ಶೇರಿಯ ಬಳಿ ಒಡೆದು ನಾಶವಾಯಿತು. ಬ್ರಿಟಿಷ್ ನೌಕಾಪಡೆಯು ನಂತರ ಮುಂಬಯಿಯಲ್ಲೇ ತೇಗದ ಯುದ್ಧನೌಕೆಗಳನ್ನು ಕಟ್ಟಿಸಿತು. 1813ರ ‘ಕಾರ್ನ್‌ವಾಲಿಸ್’ ಮೇಲೆ 1842ರಲ್ಲಿ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದಿತು. 1817ರಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ಯು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಯಂತ್ರವನ್ನು ಕೊಳ್ಳುವಾಗ ಅದರ ಬೆಲೆಯನ್ನಷ್ಟೇ ಲೆಕ್ಕ ಹಾಕುವ ಉದ್ದಿಮೆದಾರರು ಇದರಲ್ಲಿ ಗಮನಿಸಬೇಕಾದ ಅಂಶವಿದೆ. ಬಿಡಿಭಾಗ, ಕುಶಲ ಕೆಲಸಗಾರ, ದುರಸ್ತಿಯ ಸ್ಥಳ ಇವು ಸಮೀಪದಲ್ಲಿ ದೊರೆಯದಿದ್ದರೆ, ಹೂಡಿದ ಬಂಡವಾಳವು ಅಗತ್ಯದ ಸಮಯಕ್ಕೆ ಕೈಗೆಟಕುವುದಿಲ್ಲ.