ಎಳೆಯರ ಸಂಗೀತಪಾಠವೂ ಯಂತ್ರಸಾಧನಗಳೂ

ಗೀತ, ವಾದ್ಯ, ನೃತ್ಯ ಎಂಬ ಮೂರೂ ಕೂಡಿಯೇ ಸಂಗೀತವೆನಿಸುವುದೆಂದು ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ನಿರೂಪಿಸಿರುವನು. ಶಾಸ್ತ್ರಕಾರನ ಈ ಅಭಿಪ್ರಾಯವನ್ನು ಯಾರೂ ಹೇಳಿಕೊಡದೆ ಬಲ್ಲವರು ಎಳೆಯ ಮಕ್ಕಳು. ಐದಾರು ವರ್ಷದ ಮಗುವಿನ ಕಿವಿಗೆ ಹಾಡು ಬಿದ್ದೊಡನೆ ಅದರ ಕೈ ತಟ್ಟುವುದು, ಕಾಲು ಕುಣಿಯುವುದು, ಕಡೆಯಲ್ಲಿ ಬಾಯಿ ತೆರೆಯುವುದು. ಶಾಲೆಯ ಪಾಠವಾದರೋ ಅನೇಕ ವೇಳೆ ಈ ಕ್ರಮವನ್ನು ತಲೆಕೆಳಗು ಮಾಡಿ, ಕೈಕಟ್ಟಿ ಕುಳಿತುಕೊಂಡು ಹಾಡಿರೆಂದು ವಿಧಿಸುತ್ತದೆ. ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದೊಳಗೆ ತಂಬೂರಿಯೂ ಮೃದಂಗವೂ ಅಡಗಿ ಕುಳಿತಿರುವ ಕಾಲದಲ್ಲಿ, ಆ ಯಂತ್ರವು ಮಕ್ಕಳ ಕೈಕಟ್ಟನ್ನು ಬಿಡಿಸುವುದೋ, ಇನ್ನಷ್ಟು ಬಿಗಿಯುವುದೋ ಎಂಬುದನ್ನು ಗೃಹಸ್ಥರಾದ ವಾಚಕರೊಡನೆ ವಿಚಾರಮಾಡಬೇಕೆಂದು ಈ ಲೇಖನ.

ನಮ್ಮ ನಾಗಲಮಡಿಕೆಯು ಪಾವಗಡ ತಾಲ್ಲೂಕಿನಲ್ಲಿ ಉತ್ತರಪಿನಾಕಿನಿಯ ದಡದಲ್ಲಿರುವ ಸುಬ್ರಹ್ಮಣ್ಯಕ್ಷೇತ್ರ. ಕುಕ್ಕೆ, ಘಾಟಿಗಳೊಡನೆ ಸೇರಿಸಿ ಇದನ್ನು ಅಂತ್ಯ ಸುಬ್ರಹ್ಮಣ್ಯವೆಂದು ಭಕ್ತರು ಕರೆಯುವರು. ತಾಲ್ಲೂಕಿನ ಬಹುಭಾಗವನ್ನು ಆಂಧ್ರದೇಶವು ಸುತ್ತುವರಿದಿರುವುದರಿಂದ ಇಲ್ಲಿಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವರು. ಮಳೆ ಅಪರೂಪ, ಬಿಸಿಲು ಯಥೇಷ್ಟ. ಆ ಬಿಸಿಲನ್ನೇ ಹಿಡಿದು ವಿದ್ಯುತ್ತನ್ನು ತೆಗೆಯುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವು ಈ ಹೋಬಳಿಯ ತಿರುಮಣಿ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಹರಡಿದೆ. 2018ರ ಮಾರ್ಚಿಯಲ್ಲಿ ಅದರ ಉದ್ಘಾಟನೆಯಾಯಿತು. ಹೀಗಿರಲು, ಯಂತ್ರವೆಂದರೆ ಪಟ್ಟಣದವರ ಸೊತ್ತೆಂದು ನಮ್ಮ ಮಕ್ಕಳು ಎಣಿಸುವಂತಿಲ್ಲ.

ಯಂತ್ರವು ಸಂಗೀತದ ಮನೆಯನ್ನು ಹೊಕ್ಕುದು ಇಂದು ನಿನ್ನೆಯ ಮಾತಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಕಂಠವು ಗ್ರಾಮಫೋನು ತಟ್ಟೆಗೆ ಇಳಿಯಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದೇ. ಬೆಂಗಳೂರಿನ ಇಂಜಿನಿಯರ್ ಜಿ. ರಾಜನಾರಾಯಣ ಎಂಬುವರು ವಿದ್ಯುತ್ ಶ್ರುತಿಪೆಟ್ಟಿಗೆಯನ್ನೂ, ಬಳಿಕ 1979ರಲ್ಲಿ ವಿದ್ಯುತ್ ತಂಬೂರಿಯನ್ನೂ ನಿರ್ಮಿಸಿದರು. ಇವುಗಳಿಂದ ಆದ ಉಪಕಾರ ಅಪಾರವಾದರೂ, ಗ್ರಾಮಫೋನೂ ರೇಡಿಯೋವೂ ಮಕ್ಕಳನ್ನು ಕೇಳುವವರನ್ನಾಗಿ ಮಾಡಿದುವೇ ಹೊರತು ಮಾಡುವವರನ್ನಾಗಿ ಮಾಡಲಿಲ್ಲ.

ಈ ಕೊರತೆಯನ್ನು ನೀಗುವ ಉಪಾಯವೊಂದು ದೂರದೇಶದಲ್ಲಿ ಹುಟ್ಟಿತು. 1970ರ ದಶಕದಲ್ಲಿ ನಿಕರಾಗುವ ದೇಶದ ಶಾಲೆಗಳಿಗೆ ಗಣಿತವನ್ನು ಬಾನುಲಿಯಿಂದ ಕಲಿಸುವಾಗ, ಮಾತಾಡುವವನು ನಡುನಡುವೆ ನಿಲ್ಲಿಸಿ ಮಕ್ಕಳಿಗೆ ಉತ್ತರಿಸಲು ಎಡೆಕೊಡುತ್ತಿದ್ದನು. ನಮ್ಮ ರಾಜ್ಯದಲ್ಲಿಯೂ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ-ಕಲಿ’ ಎಂಬ ಬಾನುಲಿ ಪಾಠಗಳು ಪ್ರಾಥಮಿಕ ಶಾಲೆಗಳಿಗೆ ಪ್ರಸಾರವಾದುವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯಾದರೋ ಹಾಡನ್ನೂ ಆಟವನ್ನೂ ಪಾಠದ ಅಂಗವನ್ನಾಗಿಯೇ ಮಾಡಿತು. ಯಂತ್ರದ ಗುಣವು ಅದು ಎಷ್ಟು ನುಡಿಯುವುದೆಂಬುದರಲ್ಲಿಲ್ಲ, ಎಲ್ಲಿ ಸುಮ್ಮನಾಗುವುದೆಂಬುದರಲ್ಲಿ ಇದೆಯೆಂಬುದು ಇದರಿಂದ ತಿಳಿಯತಕ್ಕ ತತ್ತ್ವ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳದೆ ಮುಂದುವರಿಯುವುದು ನ್ಯಾಯವಲ್ಲ. ನಾನು ಉಪಾಧ್ಯಾಯವೃತ್ತಿಗೆ ಸೇರಿದ ಹೊಸದರಲ್ಲಿ ಮಕ್ಕಳಿಗೆ ಪ್ರಾರ್ಥನೆಯನ್ನು ಕಲಿಸುತ್ತಿದ್ದೆನು. ಒಬ್ಬ ಬಾಲಕನ ಸ್ವರ ಮಾತ್ರ ಎಲ್ಲರಿಂದ ಬೇರೆಯಾಗಿ ಕೆಳಗೆಲ್ಲೋ ತಡವರಿಸುತ್ತಿತ್ತು. ತಪಾಸಣೆಗೆ ಅಧಿಕಾರಿಗಳು ಬರುವ ದಿನ ಹತ್ತಿರವಾದಾಗ ನಾನು ಅವನನ್ನು ಕರೆದು, “ನೀನು ಬರಿಯ ಬಾಯಿ ಆಡಿಸು, ಸ್ವರ ತೆಗೆಯಬೇಡ” ಎಂದೆನು. ಅವನು ವಿಧೇಯನಾಗಿ ಹಾಗೆಯೇ ಮಾಡಿದನು. ಪ್ರಾರ್ಥನೆ ಚೆನ್ನಾಗಿತ್ತೆಂದು ಅಧಿಕಾರಿಗಳು ಮೆಚ್ಚಿದರು.

ಆ ಅಪಸ್ವರದ ಕಾರಣವು ನನಗೆ ಅರ್ಥವಾದುದು ನಿವೃತ್ತನಾದ ಮೇಲೆ. ಗಂಡಸರ ಶ್ರುತಿಯು ಸಾಮಾನ್ಯವಾಗಿ ಒಂದು, ಎರಡು ಮನೆಗಳ ಸುತ್ತಿನಲ್ಲಿರುವುದು. ಎಳೆಯ ಕಂಠವು ಅದಕ್ಕಿಂತ ಬಹಳ ಮೇಲೆ ನಿಲ್ಲುವುದು. ಉಪಾಧ್ಯಾಯನು ತನ್ನ ಸ್ಥಾಯಿಯಲ್ಲಿ ಹಾಡಿದಾಗ ಜಾಣ ಮಕ್ಕಳು ತಾವಾಗಿಯೇ ಒಂದು ಸ್ಥಾಯಿ ಮೇಲಕ್ಕೆ ಏರಿಸಿಕೊಳ್ಳುವರು. ಆ ಉಪಾಯ ಹೊಳೆಯದ ಮಗುವು ಗುರುವಿನ ಕಂಠವನ್ನೇ ಯಥಾವತ್ತಾಗಿ ಅನುಸರಿಸಲು ಹೋಗಿ ಕೆಳಗೆ ನಿಲ್ಲಲಾರದೆ ನಡುವೆ ತೊಳಲುವುದು. ಆ ಬಾಲಕನು ಹಾಡಬಾರದವನಾಗಿರಲಿಲ್ಲ. ನನ್ನನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವನಾಗಿದ್ದನು.

ಈಗಿನ ಮೊಬೈಲಿನ ಮೊದಲ ಉಪಯೋಗ ಇಲ್ಲಿಯೇ ಉಂಟು. ಅದರ ತಂಬೂರಿಯನ್ನು ಮಕ್ಕಳ ಕಂಠಕ್ಕೆ ಒಪ್ಪುವ ಐದು ಮನೆಯ ಸುಮಾರಿಗೆ ಕ್ಷಣಮಾತ್ರದಲ್ಲಿ ಏರಿಸಬಹುದು. ಉಪಾಧ್ಯಾಯನೇ ಕಷ್ಟಪಟ್ಟು ಅಲ್ಲಿಗೆ ಹೋಗತಕ್ಕದ್ದು. ಎರಡನೆಯದು ಕಾಲಪ್ರಮಾಣ. ಹಿಂದಿನ ಗ್ರಾಮಫೋನು ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಅದನ್ನು 82 ಅಥವಾ 83 ಸುತ್ತಿಗೆ ಏರಿಸಿದರೆ ಹಾಡಿನ ವೇಗದೊಡನೆ ಶ್ರುತಿಯೂ ಅರ್ಧ ಮನೆಯಷ್ಟು ಮೇಲೇರುತ್ತಿತ್ತು; ನಿಧಾನಿಸಿದರೆ ಗಾಯಕಿಯ ಕಂಠವು ಗಂಡಸಿನದಾಗುತ್ತಿತ್ತು. ಈಗಿನ ಯಂತ್ರದಲ್ಲಿ ಶ್ರುತಿಯನ್ನು ಹಾಗೆಯೇ ಇಟ್ಟು ವೇಗವನ್ನು ಮಾತ್ರ ಇಳಿಸಬಹುದಾದುದರಿಂದ, ಮಂದಗತಿಯ ಮಗುವೂ ಜೊತೆಗೂಡಿ ನಡೆಯಲು ಸಾಧ್ಯವಾಗಿದೆ.

ನಾನು ಶನಿವಾರಗಳಲ್ಲಿ ಸಮೀಪದ ಶಾಲೆಯೊಂದರ ಮಕ್ಕಳೊಡನೆ ಮಾಡುವ ಮೂರು ಅಭ್ಯಾಸಗಳನ್ನು ಹೇಳುವೆನು. ಮೊದಲನೆಯದು ಮಾರ್ನುಡಿ: ಯಂತ್ರದಲ್ಲಿ ನಾಲ್ಕೆಣಿಕೆಯ ತಾಳ ನಡೆಯುತ್ತಿರುವಾಗ ನಾನೊಂದು ಚಪ್ಪಾಳೆಯ ಜತಿಯನ್ನು ಹಾಕುವೆನು, ಮುಂದಿನ ನಾಲ್ಕೆಣಿಕೆಯಲ್ಲಿ ಮಕ್ಕಳು ಅದನ್ನೇ ಮರಳಿಸುವರು. ಎರಡನೆಯದು ಕೋಲಾಟ: ಎರಡು ಸಾಲಾಗಿ ನಿಂತ ಮಕ್ಕಳು ಆದಿತಾಳದ ಎಂಟು ಎಣಿಕೆಗೆ ಕೋಲು ಹಾಕುವರು, ಲಘುವಿನ ಪೆಟ್ಟಿಗೆ ಎದುರಿನವರ ಕೋಲು, ಬೆರಳೆಣಿಕೆಗಳಿಗೆ ಮೌನ, ಎರಡು ದ್ರುತಗಳ ಪೆಟ್ಟಿಗೆ ಪಕ್ಕದವರ ಕೋಲು, ವಿಸರ್ಜಿತಕ್ಕೆ ಗಾಳಿಯಲ್ಲಿ ಬೀಸು. ಗಡಿಯಾಚೆಯ ರಾಯಲಸೀಮೆಯ ಚೆಕ್ಕ ಭಜನೆಯನ್ನು ಕಂಡ ಮಕ್ಕಳಿಗೆ ಇದು ಹೊಸತೇ ಅಲ್ಲ. ಕನ್ನಡದ ಸಾಹಿತ್ಯ ತೊಡಕಾದ ತೆಲುಗು ಮಗುವೂ ತಾಳದಲ್ಲಿ ಎಲ್ಲರಿಗೂ ಸಮನಾಗುವುದು. ಮೂರನೆಯದು ಮೌನಾವರ್ತ: ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳದ ಸರಳೆಯನ್ನು ಯಂತ್ರದೊಡನೆ ಹಾಡುತ್ತಿರುವಾಗ ಒಂದು ಆವರ್ತಕಾಲ ಅದರ ಧ್ವನಿಯನ್ನು ಅಡಗಿಸಿ, ಮತ್ತೆ ತೆರೆಯುವುದು. ಮಕ್ಕಳು ಸರಿಯಾಗಿ ಸಮಕ್ಕೆ ಬಂದು ಸೇರಿದರೆ ಅವರಿಗಾಗುವ ಹರ್ಷವು ನೋಡತಕ್ಕದ್ದೇ ಸರಿ.

ಕಳೆದ ವರ್ಷ ಒಂದು ಶನಿವಾರ ಈ ಮೂರನೆಯ ಅಭ್ಯಾಸ ನಡೆಯುತ್ತಿದ್ದಾಗ ಯಂತ್ರವು ಶಕ್ತಿಯುಡುಗಿ ನಿಂತುಹೋಯಿತು. ನಾನು ಬೇಕೆಂದು ಅಡಗಿಸಿದೆನೆಂದೇ ಮಕ್ಕಳು ಭಾವಿಸಿ, ಒಂದು ಆವರ್ತ, ಎರಡು, ಐದು, ಹತ್ತು, ತೊಡೆ ತಟ್ಟುತ್ತ ಹಾಡುತ್ತಲೇ ಹೋದರು. ಎಲ್ಲರಿಗಿಂತ ಗಟ್ಟಿಯಾಗಿ ತಾಳ ಹಿಡಿದಿದ್ದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ಅವಳನ್ನು ಕರೆದೊಯ್ಯಲು ಬಂದ ತಂದೆಯು ಬಾಗಿಲಲ್ಲಿ ನಿಂತಿದ್ದನು. ನಾನು ಅವನನ್ನು ಗುರುತಿಸಿದೆನು; ಅವನೂ ನನ್ನನ್ನು ಗುರುತಿಸಿ, “ನಾನು ಬರಿಯ ಬಾಯಿ ಆಡಿಸುತ್ತಿದ್ದವನು, ಮೇಷ್ಟ್ರೇ” ಎಂದು ನಕ್ಕನು. ಆ ನಗೆಯಲ್ಲಿ ಕೋಪವಿರಲಿಲ್ಲವಾದುದರಿಂದಲೇ ನನಗೆ ಅದು ಹೆಚ್ಚು ನೋವನ್ನು ಉಂಟುಮಾಡಿತು. ತಪ್ಪು ನನ್ನದೆಂದು ಅವನ ಮಗಳ ಎದುರಿಗೇ ಹೇಳಿದೆನು. ಅವನು ಹಾಡಲಿಲ್ಲ, ಆದರೆ ಮುಂದಿನ ಶನಿವಾರ ಒಳಗೆ ಬಂದು ಕುಳಿತು ಕೋಲು ಹಿಡಿದನು.

ಯಂತ್ರವನ್ನು ಬಳಸುವವರು ಕೆಲವು ಎಚ್ಚರಗಳನ್ನು ಇಟ್ಟುಕೊಳ್ಳಬೇಕು. ತಂತಿಯಿಲ್ಲದ ಧ್ವನಿಪೆಟ್ಟಿಗೆಗಳಲ್ಲಿ ಸ್ವಲ್ಪ ವಿಳಂಬವುಂಟು. ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದಕ್ಕೆ, 0.15 ಸೆಕೆಂಡಿನ ವಿಳಂಬವೆಂದರೆ ವಾದ್ಯಗಾರನು ಐವತ್ತು ಮೀಟರು ದೂರ ನಿಂತಂತೆಯೇ. ಆದುದರಿಂದ ಮಗುವು ಯಂತ್ರದ ಮೇಲೆ ಬೆರಳಿಟ್ಟು ನುಡಿಸುವಾಗ ತಂತಿಯಿಂದಲೇ ಜೋಡಿಸತಕ್ಕದ್ದು. 2020ರ ಕೋವಿಡ್ ಕಾಲದಲ್ಲಿ ಅಂತರ್ಜಾಲದ ಮೂಲಕ ಪಾಠ ಹೇಳಿದವರು ಗುರುಶಿಷ್ಯರು ಒಟ್ಟಿಗೆ ಹಾಡಲಾರದೆ ಹೋದುದಕ್ಕೂ ವಿಳಂಬವೇ ಕಾರಣ. ಧ್ವನಿಯು ಮಕ್ಕಳ ಕಂಠವನ್ನು ಮುಚ್ಚುವಷ್ಟು ದೊಡ್ಡದಾಗಿರಬಾರದು. ಪಕ್ಕದ ಮಗುವಿನ ಸ್ವರ ಕೇಳಿಸದಿದ್ದರೆ ಅದು ಸಂಗೀತವಲ್ಲ, ಗದ್ದಲ. ಮಕ್ಕಳ ಕಣ್ಣಿಗೆ ತೆರೆಯನ್ನು ಒಡ್ಡದೆ ಯಂತ್ರವನ್ನು ಬೋರಲು ಇಡುವುದು ಲೇಸು.

ಮನೆಯಲ್ಲಿ ಇದಕ್ಕೆ ಹತ್ತು ನಿಮಿಷ ಸಾಕು. ಸಂಜೆ ದೀಪ ಹಚ್ಚಿದ ಮೇಲೆ ಶ್ರುತಿಯನ್ನು ಮಗುವಿನ ಕಂಠಕ್ಕೆ ಹೊಂದಿಸಿ, ಅಡಿಗೆಮನೆಯ ತಟ್ಟೆಯೊಂದನ್ನೋ ಎರಡು ಕೋಲುಗಳನ್ನೋ ಅದರ ಕೈಗೆ ಕೊಟ್ಟು, ತಾಯಿತಂದೆಗಳೂ ಜೊತೆಗೆ ಕುಳಿತುಕೊಳ್ಳಲಿ. ನಾಲ್ಕು ಆವರ್ತ ಯಂತ್ರ ನುಡಿಯಲಿ, ಮುಂದಿನ ನಾಲ್ಕು ಅದು ಸುಮ್ಮನಿರಲಿ. ಸ್ವರ ತಪ್ಪಿದ ಮಗುವನ್ನು ಸುಮ್ಮನಿರಿಸುವ ಮುನ್ನ, ಶ್ರುತಿ ಇಟ್ಟವರು ಯಾರೆಂಬುದನ್ನು ಹಿರಿಯರು ಒಮ್ಮೆ ನೋಡಿಕೊಳ್ಳಲಿ. ಮಗುವನ್ನು ಸುಮ್ಮನಿರಿಸುವ ಮಾತು ಒಂದು ನಿಮಿಷದ್ದು. ಅದರ ಫಲವು ಮೂವತ್ತೈದು ವರ್ಷ ನಿಂತುದನ್ನು ನಾನು ಕಣ್ಣಾರೆ ಕಂಡಿರುವೆನು.