ಮಗಳು ಪತ್ರಿಕೋದ್ಯಮ ಓದುತ್ತೇನೆ ಎಂದರೆ...

ಪ್ಲಸ್ ಟು ಫಲಿತಾಂಶ ಬಂದ ವಾರ ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಮನೆಗಳಲ್ಲಿ ಮಾತೆಲ್ಲ ನರ್ಸಿಂಗ್, ಬಿ.ಕಾಂ., ಇಂಜಿನಿಯರಿಂಗ್‌ಗಳದ್ದೇ. ಇವುಗಳ ನಡುವೆ ಮಗಳೊಬ್ಬಳು "ನಾನು ಮಾಸ್ ಕಮ್ಯುನಿಕೇಶನ್ ಓದುತ್ತೇನೆ" ಎಂದರೆ ಮನೆಯಲ್ಲಿ ಒಂದು ಗಳಿಗೆ ಮೌನ. ಅಪ್ಪನ ಕಣ್ಣಿಗೆ ಬರುವುದು ಟಿ.ವಿ.ಯಲ್ಲಿ ಕೂಗಾಡುವ ನಿರೂಪಕ. ಅಮ್ಮನ ಕಣ್ಣಿಗೆ, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಒಬ್ಬಳೇ ಬರುವ ಹುಡುಗಿ. ಮಗಳ ಕಣ್ಣಿಗೆ ಬಹುಶಃ ಕ್ಯಾಮೆರಾ. ಹೀಗಿರುವಾಗ ಜಗಳವಾಗದೆ ಇರುತ್ತದೆಯೇ? ಆ ಪದವಿಯಲ್ಲಿ ನಿಜವಾಗಿ ಏನಿದೆ ಎಂದು ಸ್ವಲ್ಪ ನೋಡೋಣ.

ಇದು ನಿನ್ನೆ ಮೊನ್ನೆ ಹುಟ್ಟಿದ ಓದು ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ನಮ್ಮ ಪಕ್ಕದ ಮಂಗಳೂರಿನಲ್ಲೇ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೈಯಲ್ಲಿ, ಕಲ್ಲಚ್ಚಿನಲ್ಲಿ ಹೊರಬಂತು. ಆಮೇಲೆ ಬಹುಕಾಲ ಈ ವಿದ್ಯೆಯನ್ನು ಕೆಲಸ ಮಾಡುತ್ತಲೇ ಕಲಿಯುತ್ತಿದ್ದರು. ನಮ್ಮ ಗಡಿನಾಡಿನ ಕಯ್ಯಾರ ಕಿಞ್ಞಣ್ಣ ರೈಗಳು ಕವಿ, ಅಧ್ಯಾಪಕ, ಕೃಷಿಕ, ಜೊತೆಗೆ ಪತ್ರಕರ್ತ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮವನ್ನು ಪದವಿಯ ವಿಷಯವಾಗಿ ಕಲಿಸತೊಡಗಿದರು. ಅಂದಿನಿಂದ ಕರ್ನಾಟಕದ ಬಿ.ಎ. ತರಗತಿಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳ ಪಕ್ಕದಲ್ಲಿ ಇದಕ್ಕೂ ಒಂದು ಬೆಂಚು ಸಿಕ್ಕಿದೆ. ಕೇರಳದ ಪ್ಲಸ್ ಟು ಹ್ಯುಮಾನಿಟೀಸ್‌ನಲ್ಲೂ ಪತ್ರಿಕೋದ್ಯಮ ಒಂದು ವಿಷಯವಾಗಿ ಕೆಲವು ಶಾಲೆಗಳಲ್ಲಿ ಇದೆ.

ಪದವಿಯ ಹೆಸರು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ: ಬಿ.ಎ. ಪತ್ರಿಕೋದ್ಯಮ, ಸಮೂಹ ಸಂವಹನ, ವಿಷುವಲ್ ಕಮ್ಯುನಿಕೇಶನ್. ಹೆಸರಿಗೆ ಹೆದರಬೇಡಿ. ಒಳಗೆ ಹೆಚ್ಚುಕಡಿಮೆ ಅದೇ ಸರಕು: ವರದಿಗಾರಿಕೆ, ಸಂಪಾದನೆ, ರೇಡಿಯೊ, ಟಿ.ವಿ., ಛಾಯಾಗ್ರಹಣ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಮಾಧ್ಯಮ ಕಾನೂನು.

ಮೊದಲ ವರ್ಷ ಮಗು ಏನು ಕಲಿಯುತ್ತದೆ? ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಇಗರ್ಜಿಯ ವಾರ್ಷಿಕ ಹಬ್ಬದ ವರದಿ ಹೇಗಿರುತ್ತದೆ? ಇಂಥವರು ದೀಪ ಬೆಳಗಿಸಿದರು, ಇಂಥವರು ಸ್ವಾಗತಿಸಿದರು, ವೇದಿಕೆಯಲ್ಲಿ ಇಂತಿಂಥವರು ಉಪಸ್ಥಿತರಿದ್ದರು, ಇಂಥವರು ವಂದಿಸಿದರು. (ಪತ್ರಿಕೆಗೆ ಇಂಥ ವರದಿ ಕಳುಹಿಸುವವರು ಬೇಸರ ಮಾಡಿಕೊಳ್ಳಬಾರದು.) ಅದೇ ಸಭೆಯಲ್ಲಿ ಇಬ್ಬರು ಬಡ ಮಕ್ಕಳ ಕಾಲೇಜು ಶುಲ್ಕ ಕಟ್ಟುವ ತೀರ್ಮಾನವಾಗಿದ್ದರೆ ಅದು ಕೊನೆಯ ಸಾಲಿನಲ್ಲಿ ಇರುತ್ತದೆ, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ಆ ಕೊನೆಯ ಸಾಲು ಮೊದಲಿಗೆ ಬರುತ್ತದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬುದು ಮೇಲಿನ ಒಂದೆರಡು ವಾಕ್ಯಗಳಲ್ಲಿ. ಉಳಿದದ್ದು ಮಹತ್ವ ಕಡಿಮೆಯಾಗುತ್ತ ಕೆಳಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಉಳಿಯಬೇಕು. ಇದನ್ನು ತಲೆಕೆಳಗಾದ ಪಿರಮಿಡ್ ಎನ್ನುತ್ತಾರೆ. ಕೇಳಲು ಸುಲಭ. ಆದರೆ ಒಂದು ಸಭೆಯಲ್ಲಿ ಮೂರು ಗಂಟೆ ಕೂತು, ಇದರಲ್ಲಿ ಸುದ್ದಿ ಯಾವುದು ಎಂದು ಆರಿಸಲು ಹದಿನೆಂಟರ ಮಗುವಿಗೆ ವರ್ಷವೇ ಬೇಕಾಗುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು: ನಿಜವೋ ಅಲ್ಲವೋ ಎಂದು ಪರೀಕ್ಷಿಸುವುದು. 2018ರ ಜುಲೈಯಲ್ಲಿ ಹೈದರಾಬಾದಿನ ಕೆಲವು ಯುವಕರು ಬೀದರ್ ಜಿಲ್ಲೆಯಲ್ಲಿದ್ದ ಗೆಳೆಯನನ್ನು ನೋಡಲು ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮಾತು ವಾಟ್ಸ್‌ಆಪ್‌ನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಸೇರಿ ಹೊಡೆದರು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಇಂಥ ಸಂದೇಶಗಳನ್ನು ಮುಂದೆ ಕಳುಹಿಸುವವರಲ್ಲಿ ನಮ್ಮ ನಿಮ್ಮಂಥ ತಂದೆತಾಯಿಯರೂ ಇರುತ್ತಾರೆ. ಒಂದು ಚಿತ್ರ ಮೊದಲು ಎಲ್ಲಿ ಪ್ರಕಟವಾಗಿತ್ತು ಎಂದು ಹುಡುಕುವುದು, ಠಾಣೆಗೆ ಫೋನ್ ಮಾಡಿ ಕೇಳುವುದು, ಒಬ್ಬರು ಹೇಳಿದ್ದನ್ನು ಅವರ ಸಂಬಂಧವಿಲ್ಲದ ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳುವುದು, ಇವೆಲ್ಲ ಈ ಓದಿನಲ್ಲಿ ಅಭ್ಯಾಸವಾಗಿ ಬರಬೇಕಾದ ಕೆಲಸಗಳು. ಮಗಳು ಮುಂದೆ ಪತ್ರಕರ್ತೆ ಆಗದೆ ಹೋದರೂ ಮನೆಯ ವಾಟ್ಸ್‌ಆಪ್ ಗುಂಪಿಗೆ ಅಂಥವಳೊಬ್ಬಳು ಬೇಕು.

ಕಾನೂನಿನ ಪಾಠವೂ ಹೀಗೆಯೇ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲಾಗುವ ಯಾವುದನ್ನೂ ಪ್ರಕಟಿಸಬಾರದು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಹೆಸರು ಬಿಟ್ಟರೆ ಸಾಕು ಎಂದು ಹಲವರ ಭಾವನೆ. ನಮ್ಮಂಥ ಊರುಗಳಲ್ಲಿ ಶಾಲೆಯ ಹೆಸರೂ ತಂದೆಯ ಕೆಲಸವೂ ಸೇರಿದರೆ ಸಾಕು, ಸಂಜೆಯೊಳಗೆ ಎಲ್ಲರಿಗೂ ಮನೆ ಗೊತ್ತಾಗುತ್ತದೆ. ಶಾಲೆಯನ್ನೂ ಮನೆಯವರನ್ನೂ ಹೇಳಬಾರದೆಂದು ಕಾಯ್ದೆಯಲ್ಲೇ ಇದೆ.

ಈಗ ಅಪ್ಪಂದಿರ ಪ್ರಶ್ನೆ: ಕೆಲಸ ಸಿಗುತ್ತದೆಯೇ? ಸಿಗುತ್ತದೆ, ಆದರೆ ಆರಂಭದ ಸಂಬಳ ಸಣ್ಣದು. ಊರಿನ ಸುದ್ದಿ ಕಳುಹಿಸುವ ಅರೆಕಾಲಿಕ ವರದಿಗಾರರು ಅದೊಂದರಿಂದಲೇ ಸಂಸಾರ ನಡೆಸುವುದು ಕಷ್ಟ. ರಾತ್ರಿ ಪಾಳಿಯೂ ಇರುತ್ತದೆ. ಪತ್ರಿಕಾ ಕಚೇರಿಗಳಲ್ಲಿ ಹೊಸಬರಿಗೆ ಮೊದಲು ಕೊಡುತ್ತಿದ್ದ ಕೆಲಸ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು. ಈಗ ಅದರ ಮೊದಲ ಕರಡನ್ನು ಹಲವು ಕಡೆ ಯಂತ್ರವೇ ಮಾಡಿಕೊಡುತ್ತದೆ; ತಪ್ಪು ತಿದ್ದುವವರು ಬೇಕು, ಬರೇ ಅನುವಾದಿಸುವವರು ಅಷ್ಟಾಗಿ ಬೇಡ. ಆದ್ದರಿಂದ ಹೊಳೆಯುವ ಸ್ಟುಡಿಯೊ ತೋರಿಸಿ ಲಕ್ಷಗಟ್ಟಲೆ ಕೇಳುವ ಕಡೆ ಸಾಲ ಮಾಡಿ ಸೇರಿಸುವುದು ಬೇಡ ಎಂದೇ ನನ್ನ ಅಭಿಪ್ರಾಯ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಜೊತೆಗಿಟ್ಟುಕೊಂಡ ಸಾಧಾರಣ ಬಿ.ಎ. ವಾಸಿ. ಕ್ಯಾಮೆರಾ ಹಿಡಿಯುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಪಂಚಾಯತಿನ ಬಜೆಟ್ ಓದಲು ಅಷ್ಟು ಸಾಲದು. ಪತ್ರಿಕೆ, ಟಿ.ವಿ. ಬಿಟ್ಟರೂ ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಜಾಹೀರಾತು ಕಂಪೆನಿಗಳಲ್ಲಿ ಬರೆಯಬಲ್ಲವರಿಗೆ ಜಾಗವಿದೆ.

ಇಲ್ಲಿಯೇ ನಮ್ಮ ಮಕ್ಕಳಿಗೆ ಒಂದು ದೊಡ್ಡ ಬಂಡವಾಳವಿದೆ, ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಬೆಂಗಳೂರಿನ ಹುಡುಗನಿಗೆ ತಿರುವನಂತಪುರದ ಸರಕಾರಿ ಆದೇಶ ಓದಲು ಬರುವುದಿಲ್ಲ. ಕೊಚ್ಚಿಯ ಹುಡುಗಿಗೆ ಪೆರ್ಲದ ಅಜ್ಜಿಯ ಮಾತು ತಿಳಿಯುವುದಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರ ನೋವನ್ನು ಎರಡೂ ರಾಜ್ಯಗಳಿಗೆ ತಿಳಿಸಬೇಕಾಗಿ ಬಂದಾಗ ಬೇಕಾದದ್ದು ಎರಡೂ ಕಡೆಯ ಮಾತು ಬಲ್ಲವರೇ. ಆದರೆ ಮಾತಾಡಲು ಬಂದರೆ ಸಾಲದು, ಬರೆಯಲು ಬರಬೇಕು. "ಕನ್ನಡ ಹೇಗೂ ಬರುತ್ತದಲ್ಲ" ಎಂದು ಎಂಟನೇ ತರಗತಿಯಿಂದ ಕನ್ನಡ ಪುಸ್ತಕ ಮುಟ್ಟದ ಮಗು ಈ ಪದವಿಗೆ ಹೋದರೆ ಐದು ಭಾಷೆ ಗೊತ್ತಿದ್ದೂ ಒಂದರಲ್ಲೂ ಒಂದು ಪುಟ ನೆಟ್ಟಗೆ ಬರೆಯಲಾರದೆ ಒದ್ದಾಡುತ್ತದೆ.

ಎಲ್ಲಿ ಓದುವುದು ಎಂಬಲ್ಲಿ ಒಂದು ವಿಷಯ ಗಮನಿಸಿ. ಕರ್ನಾಟಕ 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಕೇರಳ ಅದೇ 2024ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿತು; ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶ ಅಲ್ಲಿದೆ. ಪರಿಗಣಿತ ವಿಶ್ವವಿದ್ಯಾನಿಲಯಗಳ ನಿಯಮ ಬೇರೆ ಇರಬಹುದು, ವಿಚಾರಿಸಿಯೇ ಅರ್ಜಿ ಹಾಕಿ. ಮಂಗಳೂರಿನ ಸಂತ ಅಲೋಶಿಯಸ್ ನಡೆಸುವ ಸಮುದಾಯ ಬಾನುಲಿ 'ರೇಡಿಯೊ ಸಾರಂಗ್'ನಲ್ಲಿ ಕನ್ನಡ, ಕೊಂಕಣಿ, ತುಳು ಕಾರ್ಯಕ್ರಮಗಳು ಬರುತ್ತವೆ. ಮನೆಮಾತನ್ನು ಮೈಕಿನ ಮುಂದೆ ಆಡುವುದು ಹೇಗೆಂದು ಅದನ್ನು ಕೇಳಿದರೆ ತಿಳಿಯುತ್ತದೆ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ. ಪತ್ರಿಕೋದ್ಯಮ ವಿಭಾಗದ ಮಕ್ಕಳೇ ಹೊರತರುವ ಪ್ರಾಯೋಗಿಕ ಪತ್ರಿಕೆಯ ಇತ್ತೀಚಿನ ಎರಡು ಸಂಚಿಕೆ ಕೊಡಿ ಎಂದು ಕೇಳಿ. ಇಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ಕೊಟ್ಟರೆ, ಹಿಂದಿರುಗುವ ಬಸ್ಸಿನಲ್ಲಿ ಮಗಳ ಕೈಗಿಡಿ. ತಲಪಾಡಿ ದಾಟುವ ಮೊದಲೇ "ಈ ವರದಿಯಲ್ಲಿ ಅವರು ಇದನ್ನು ಕೇಳಲೇ ಇಲ್ಲವಲ್ಲ ಪಪ್ಪಾ" ಎಂದು ಅವಳು ಶುರುಮಾಡಿದರೆ, ಮರುದಿನವೇ ಅರ್ಜಿ ತುಂಬಿಸಿ.