ಮಿದುಳಿಗೊಂದು ಸರದಿ, ಮೈಗೊಂದು ಸರದಿ

ಮನುಷ್ಯನ ಮಗು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಮೊದಲ ಎರಡು ವರ್ಷ ಬೆಳವಣಿಗೆ ಭರದಿಂದ ಸಾಗುತ್ತದೆ, ಆಮೇಲೆ ಏಳೆಂಟು ವರ್ಷ ನಿಧಾನವಾಗುತ್ತದೆ, ಹರೆಯದಲ್ಲಿ ಮತ್ತೆ ಚುರುಕಾಗುತ್ತದೆ. ಎಲ್ಲ ಅಂಗಗಳೂ ಒಟ್ಟಿಗೆ ಬೆಳೆಯುವುದೂ ಇಲ್ಲ. ತಲೆ ಮತ್ತು ಮಿದುಳಿನ ಸರದಿ ಮೊದಲು, ಕೈಕಾಲುಗಳದ್ದು ನಂತರ, ಸಂತಾನಾಂಗಗಳದ್ದು ಕಡೆಗೆ. ಯಾವ ಅಂಗದ ಸರದಿಯಲ್ಲಿ ಆಹಾರವೋ ಆರೈಕೆಯೋ ಕಡಿಮೆಯಾಗುತ್ತದೋ ಆ ಅಂಗಕ್ಕೇ ಪೆಟ್ಟು ಹೆಚ್ಚು.

ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಊರುಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೋ ಕಾಡೋ ಇರುತ್ತದೆ. ಅಲ್ಲಿಯೂ ಈ ಬೆಳವಣಿಗೆಯ ಲೆಕ್ಕ ಇಡುವ ಜಾಗವೆಂದರೆ ಅಂಗನವಾಡಿ. ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿ, ತೂಕವನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಹಸಿರು ಪಟ್ಟಿಯಲ್ಲಿದ್ದರೆ ಸರಿ. ಹಳದಿ, ಕಿತ್ತಳೆಗೆ ಇಳಿದರೆ ಎಚ್ಚರಿಕೆ. ಈ ನಕ್ಷೆಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡ. ಭಾರತವೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ಅದನ್ನು ಸಿದ್ಧಪಡಿಸಲಾಯಿತು. ಎದೆಹಾಲು, ಸರಿಯಾದ ಆಹಾರ, ಆರೋಗ್ಯಸೇವೆ ಸಿಕ್ಕರೆ ಯಾವ ದೇಶದ ಮಗುವಾದರೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತದೆ ಎಂಬುದು ಆ ಅಧ್ಯಯನ ತೋರಿಸಿಕೊಟ್ಟ ಸಂಗತಿ.

ಹುಟ್ಟಿದ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರ್. ಮೊದಲ ವಾರ ತೂಕ ತುಸು ಇಳಿಯುತ್ತದೆ, ಎರಡು ವಾರದೊಳಗೆ ಹಿಂದಿನ ಮಟ್ಟಕ್ಕೆ ಬರುತ್ತದೆ. ಐದು ತಿಂಗಳ ಹೊತ್ತಿಗೆ ತೂಕ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಮೊದಲ ವರ್ಷ ಉದ್ದ 25 ಸೆಂಟಿಮೀಟರಿನಷ್ಟು, ಎರಡನೆಯ ವರ್ಷ ಅದರ ಅರ್ಧದಷ್ಟು ಹೆಚ್ಚುತ್ತದೆ.

ಮಿದುಳಿನ ಬೆಳವಣಿಗೆ ಇದಕ್ಕಿಂತ ಬಿರುಸು. ಹುಟ್ಟುವಾಗ ಅದರ ತೂಕ ದೊಡ್ಡವರ ಮಿದುಳಿನ ಕಾಲು ಭಾಗ. ಎರಡು ವರ್ಷಕ್ಕೆ ಮುಕ್ಕಾಲು ಭಾಗ ಮುಟ್ಟುತ್ತದೆ, ಆರು ವರ್ಷಕ್ಕೆ ಹತ್ತರಲ್ಲಿ ಒಂಬತ್ತು ಪಾಲು ತುಂಬುತ್ತದೆ. ತಲೆಬುರುಡೆಯ ಮೂಳೆಗಳು ಹುಟ್ಟುವಾಗ ಪೂರ್ತಿ ಕೂಡಿಕೊಳ್ಳದೆ ಇರುವುದು ಇದಕ್ಕೆಂದೇ. ಎಣ್ಣೆ ಹಚ್ಚುವಾಗ ಅಜ್ಜಿಯರ ಬೆರಳಿಗೆ ಮೆತ್ತಗೆ ತಾಗುವ ನೆತ್ತಿ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಗಟ್ಟಿಯಾಗುತ್ತದೆ. ವಾಂತಿಭೇದಿಯಲ್ಲಿ ನೆತ್ತಿ ಒಳಸರಿದರೆ ಮೈಯ ನೀರು ಬತ್ತಿದೆ ಎಂದರ್ಥ. ಜ್ವರದ ಜೊತೆ ಉಬ್ಬಿ ಬಿಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಿದುಳಿನ ನರಕೋಶಗಳಲ್ಲಿ ಬಹುಪಾಲು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ಹುಟ್ಟಿದ ಮೇಲೆ ಹೆಚ್ಚುವುದು ಅವುಗಳ ನಡುವಿನ ಕೊಂಡಿಗಳು. ಮೊದಲ ಕೆಲವು ವರ್ಷ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಗಳನ್ನು ಕಟ್ಟುತ್ತದೆ, ಆಮೇಲೆ ಬಳಸದವನ್ನು ತೆಗೆದುಹಾಕುತ್ತದೆ. ಮಲೆನಾಡಿನ ಕಾಲುದಾರಿಯೂ ಹಾಗೆಯೇ. ಜನ ಓಡಾಡಿದರೆ ಉಳಿಯುತ್ತದೆ, ಬಿಟ್ಟರೆ ಒಂದೇ ಮಳೆಗಾಲಕ್ಕೆ ಮುಚ್ಚಿಹೋಗುತ್ತದೆ. ಇದಕ್ಕೊಂದು ಉದಾಹರಣೆ ಕೆನಡಾದ ವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ. ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಇರುವ ತಕಾರ-ಟಕಾರಗಳ ವ್ಯತ್ಯಾಸವನ್ನು ಇಂಗ್ಲಿಷ್ ಮನೆಮಾತಿನ ಆರೆಂಟು ತಿಂಗಳ ಕೂಸುಗಳು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಮಾಯವಾಗಿತ್ತು. ಕಿವಿಗೆ ಬೀಳದ ಭೇದವನ್ನು ಮಿದುಳು ಕೈಬಿಟ್ಟಿತ್ತು. ಮಾತು ಬಾರದ ಮಗುವಿನ ಜೊತೆ ಮಾತಾಡುವುದು, ಹಾಡುವುದು, ಆಟವಾಡುವುದು ಈ ಕಾರಣಕ್ಕೆ ಆಹಾರದಷ್ಟೇ ಮುಖ್ಯ.

ಇನ್ನೊಂದು ಕೆಲಸವೂ ಜೊತೆಗೇ ನಡೆದಿರುತ್ತದೆ. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತಿಕೊಂಡು ಸಂದೇಶಗಳ ವೇಗ ಹಲವು ಪಟ್ಟು ಹೆಚ್ಚುತ್ತದೆ. ಮೈಯ ಹಿಡಿತ ತಲೆಯಿಂದ ಕಾಲಿನ ಕಡೆಗೆ ಬರುತ್ತದೆ. ಮೂರು ತಿಂಗಳ ಹೊತ್ತಿಗೆ ಕುತ್ತಿಗೆ ನಿಲ್ಲುತ್ತದೆ, ಆರೇಳು ತಿಂಗಳಿಗೆ ಮಗು ಕೂರುತ್ತದೆ, ವರ್ಷದ ಆಸುಪಾಸಿನಲ್ಲಿ ಹೆಜ್ಜೆ ಇಡುತ್ತದೆ. ಎಂಟು ತಿಂಗಳಿಗೇ ನಡೆದ ಮಗುವೂ ಹದಿನೇಳು ತಿಂಗಳಿಗೆ ನಡೆದ ಮಗುವೂ ಸಹಜ ಮಿತಿಯೊಳಗೇ ಇರುತ್ತವೆ.

ಆರು ತಿಂಗಳಾಗುವ ಹೊತ್ತಿಗೆ ಹುಟ್ಟುವಾಗ ತಂದಿದ್ದ ಕಬ್ಬಿಣದ ದಾಸ್ತಾನು ಕರಗುತ್ತದೆ. ಆಗ ಕೊಡುವ ರಾಗಿ ಮಣ್ಣಿ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮೀನು ಸೇರಬೇಕು. ಕಬ್ಬಿಣ ಕಡಿಮೆಯಾದರೆ ರಕ್ತ ಕುಂದುವುದರ ಜೊತೆಗೆ ಮಯಲಿನ್ ಕಟ್ಟುವ ಕೆಲಸವೂ ಕುಂಟುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ. 65ರಷ್ಟು ಮಂದಿಗೆ ರಕ್ತಹೀನತೆ.

ಎರಡು ವರ್ಷದ ನಂತರ ಮೈಯ ಬೆಳವಣಿಗೆ ತಗ್ಗಿ, ಎತ್ತರ ವರ್ಷಕ್ಕೆ 5ರಿಂದ 7 ಸೆಂಟಿಮೀಟರಿನಷ್ಟು ಮಾತ್ರ ಹೆಚ್ಚುತ್ತದೆ. ಇದಕ್ಕೆ ಕಾರಣವೂ ಮಿದುಳೇ ಇರಬಹುದೆಂದು ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಐದು ವರ್ಷದ ಆಸುಪಾಸಿನಲ್ಲಿ ಮಗು ದಿನಕ್ಕೆ ಬಳಸುವ ಶಕ್ತಿಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಿದುಳಿಗೇ ಹೋಗುತ್ತದೆ. ಮಿದುಳಿನ ಖರ್ಚು ಏರಿದ ವರ್ಷಗಳಲ್ಲೇ ಮೈಯ ಬೆಳವಣಿಗೆ ತೀರ ಇಳಿದಿರುತ್ತದೆ. ಮಿದುಳಿನ ಹಸಿವು ತಗ್ಗಿದ ಮೇಲೆ ಮೈಯ ಸರದಿ ಬರುತ್ತದೆ.

ಹುಟ್ಟುವಾಗ ಒಟ್ಟು ಉದ್ದದ ಕಾಲು ಭಾಗ ತಲೆಯೇ ಇರುತ್ತದೆ; ದೊಡ್ಡವರಲ್ಲಿ ಅದು ಎಂಟನೆಯ ಒಂದು ಭಾಗ. ಜನನ ಪತ್ರ ಇಲ್ಲದ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಲು ಹೇಳುತ್ತಿದ್ದುದರ ಹಿಂದೆ ಇದೇ ಲೆಕ್ಕವಿತ್ತು. ಆರರ ಸುಮಾರಿಗೆ ತಲೆಯ ಬೆಳವಣಿಗೆ ಬಹುಪಾಲು ಮುಗಿದು ಕೈ ಉದ್ದವಾಗುವುದರಿಂದ ಬೆರಳು ಕಿವಿಗೆ ಸಿಗುತ್ತದೆ. ಹಾಲುಹಲ್ಲು ಬೀಳಲು ಶುರುವಾಗುವುದೂ ಆಗಲೇ.

ಹರೆಯದ ಕರೆ ಮಿದುಳಿನಿಂದಲೇ ಹೊರಡುತ್ತದೆ. ಹೈಪೋಥಲಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಅದು ಅಂಡಾಶಯ ಅಥವಾ ವೃಷಣಗಳನ್ನು ಎಚ್ಚರಿಸುತ್ತದೆ. ಹೆಣ್ಣುಮಕ್ಕಳಲ್ಲಿ ಇದು 8ರಿಂದ 13ರೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಹುಡುಗಿಯರ ಎತ್ತರ ಅತಿ ಬೇಗ ಏರುವುದು 12ರ ಸುಮಾರಿಗೆ, ಹುಡುಗರದ್ದು 14ರ ಸುಮಾರಿಗೆ. ಆರು-ಏಳನೆಯ ತರಗತಿಯಲ್ಲಿ ಹುಡುಗಿಯರೇ ಎತ್ತರ ಕಾಣುವುದು ಇದರಿಂದ. ಪಾದ ಮತ್ತು ಕೈ ಮೊದಲು, ಕಾಲು ನಂತರ, ಮುಂಡ ಕೊನೆಗೆ ಬೆಳೆಯುವುದರಿಂದ ಕೆಲಕಾಲ ನಡಿಗೆ ಅಡ್ಡಾದಿಡ್ಡಿ ಅನಿಸುತ್ತದೆ.

ಮಿದುಳಿನ ಗಾತ್ರ ಆಗ ಹೆಚ್ಚೇನೂ ಬದಲಾಗುವುದಿಲ್ಲ, ಒಳಗಿನ ಏರ್ಪಾಡು ಬದಲಾಗುತ್ತದೆ. ಹಿಂದಲೆಯ ಭಾಗಗಳು ಬೇಗ ಮಾಗುತ್ತವೆ. ಮುಂದಾಲೋಚನೆ, ಸಂಯಮಗಳಿಗೆ ಬೇಕಾದ ಹಣೆಯ ಹಿಂದಿನ ಭಾಗ ಮಾಗುವುದು ಇಪ್ಪತ್ತೈದರ ಆಸುಪಾಸಿಗೆ. ಖುಷಿ, ಸಿಟ್ಟು, ಗೆಳೆಯರ ಮೆಚ್ಚುಗೆಗೆ ಮಿಡಿಯುವ ಭಾಗಗಳು ಅದಕ್ಕೂ ಮೊದಲೇ ಚುರುಕಾಗಿರುತ್ತವೆ. ಹರೆಯದವರು ಅಪಾಯ ತಿಳಿದೂ ಬೈಕನ್ನು ಜೋರಾಗಿ ಓಡಿಸುವುದರಲ್ಲಿ ಈ ಅಂತರದ ಪಾಲಿದೆ. ನಿದ್ದೆ ಬರಿಸುವ ಮೆಲಟೋನಿನ್ ಕೂಡ ರಾತ್ರಿ ತಡವಾಗಿ ಸ್ರವಿಸುವುದರಿಂದ ಬೆಳಿಗ್ಗೆ ಏಳಲಾರದ್ದು ಬರೀ ಸೋಮಾರಿತನವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಅಧ್ಯಯನವೊಂದು ಮೈಸೂರೂ ಸೇರಿದಂತೆ ದೇಶದ ಹಲವು ಕಡೆ ಆರರಿಂದ ಇಪ್ಪತ್ತಮೂರು ವರ್ಷದವರ ಮಿದುಳು ಮತ್ತು ನಡವಳಿಕೆಯನ್ನು ಗಮನಿಸುತ್ತಿರುವುದು ಇದೇ ಕಾಲಘಟ್ಟವನ್ನು ಅರಿಯಲು.

ಹುಡುಗಿಯರ ಎತ್ತರ 16ರ ಸುಮಾರಿಗೆ, ಹುಡುಗರದ್ದು 18ರ ಸುಮಾರಿಗೆ ನಿಲ್ಲುತ್ತದೆ. ಮೂಳೆ ತುದಿಗಳ ಮೃದ್ವಸ್ಥಿ ಗಟ್ಟಿಯಾದ ಮೇಲೆ ಯಾವ ಟಾನಿಕ್ಕೂ ಎತ್ತರ ಕೂಡಿಸಲಾರದು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಹಾಲು, ಅಕ್ಷರ ದಾಸೋಹದ ಬಿಸಿಯೂಟ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಈ ವರ್ಷಗಳಿಗೆ ಸಲ್ಲುವಂಥವು. ಅವುಗಳ ಫಲ ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರವರ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೇ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡಲಾಗಿತ್ತು. ಹುಟ್ಟುವಾಗ ಚಿಕ್ಕದಾಗಿದ್ದವರಲ್ಲಿ ಇಳಿವಯಸ್ಸಿನ ಹೃದ್ರೋಗ ಹೆಚ್ಚೆಂದು ಆ ದಾಖಲೆಗಳನ್ನು ಆಧರಿಸಿದ 1996ರ ಅಧ್ಯಯನ ತಿಳಿಸಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸಿರಿಯರಾಗಿದ್ದವರ ಮಕ್ಕಳನ್ನು ಒಂಬತ್ತು-ಹತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ತಾಯಿಯ ರಕ್ತದಲ್ಲಿ ಫೋಲೇಟ್ ಚೆನ್ನಾಗಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಇಂದು ಹೈಸ್ಕೂಲಿನಲ್ಲಿರುವ ಹುಡುಗಿಯ ತಟ್ಟೆಯಲ್ಲಿ ಸೊಪ್ಪು, ಕಾಳು ಇರಬೇಕಾದ್ದು ಅವಳ ಎತ್ತರಕ್ಕೆ, ಅವಳ ಓದಿಗೆ, ಮುಂದೆ ಅವಳಿಗೆ ಹುಟ್ಟಬಹುದಾದ ಮಗುವಿನ ಮಿದುಳಿಗೆ.